ಶನಿ ಹೇಳಿದ ವಯಸ್ಸು

ನನ್ನ ಹವ್ಯಾಸ ನಡೆಯುವುದು ಕತ್ತಲೆಯಲ್ಲಿ. ಡೇಟಿಂಗ್ ಪ್ರೊಫೈಲಿಗೆ ಇದಕ್ಕಿಂತ ಒಗ್ಗದ ಹವ್ಯಾಸ ಇನ್ನೊಂದಿರಲಾರದು. ಈಜುವವರು ಕೊಳದ ಪಕ್ಕ ನಿಂತರೆ ಸಾಕು. ಚಾರಣಿಗರ ಹಿಂದೆ ಬೆಟ್ಟವೇ ಬಂದು ನಿಲ್ಲುತ್ತದೆ. ನಾನು ಟೆಲಿಸ್ಕೋಪಿನ ಪಕ್ಕ ಕುಳಿತ ಫೋಟೊ ತೆಗೆದರೆ ಬರುವುದು ಕಪ್ಪು, ಅದರೊಳಗೆ ಇನ್ನಷ್ಟು ಕಪ್ಪು. ಫ್ಲ್ಯಾಶ್ ಹಾಕುವಂತಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಅದನ್ನು ಕೆಡಿಸಲು ಒಂದು ಕ್ಷಣದ ಬೆಳಕು ಸಾಕು. ಕೆಂಪು ಟಾರ್ಚಿನ ಬೆಳಕಿನಲ್ಲಿ ತೆಗೆಸಿಕೊಂಡ ಚಿತ್ರ ನೋಡಿ ಅಕ್ಕ, "ಮಾಟ ಮಾಡುವವನ ಹಾಗೆ ಕಾಣುತ್ತಿದ್ದೀಯ" ಎಂದಳು.

ಹಾಗಾಗಿ ಮೊದಲ ಸಲ ಪ್ರೊಫೈಲ್ ಮಾಡಿದಾಗ ಬೇರೆಯವರ ಹವ್ಯಾಸಗಳನ್ನು ಎರವಲು ತಂದೆ. ಗೆಳೆಯನ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ ಫೋಟೊ ಒಂದು. ಜೀವಮಾನದಲ್ಲಿ ಒಂದೇ ಸಲ ಹತ್ತಿದ ಬೆಟ್ಟದ ತುದಿಯಲ್ಲಿ, ಏದುಸಿರು ಕಾಣದಂತೆ ತುಟಿ ಬಿಗಿಹಿಡಿದ ಫೋಟೊ ಇನ್ನೊಂದು. ಗಿಟಾರಿಗೆ ಒಳ್ಳೆಯ ಪ್ರತಿಕ್ರಿಯೆಯೇ ಬಂತು, ತೊಂದರೆಯಾದದ್ದು ಅದರಿಂದಲೇ. ನಿಜವಾಗಿ ನುಡಿಸುವವರೊಬ್ಬರು ತಂತಿಗಳ ಬಗ್ಗೆ ಪ್ರಶ್ನೆ ಕೇಳಿದರು. ಮೊದಲನೆಯದಕ್ಕೆ ಹುಡುಕಿ ಉತ್ತರ ಬರೆದೆ. ಎರಡನೆಯದಕ್ಕೆ ಗೆಳೆಯನಿಗೆ ಫೋನ್ ಮಾಡಿದೆ. ಮೂರನೆಯದಕ್ಕೂ ಮಾಡಿದಾಗ ಅವನು, "ಅವರ ಜೊತೆ ನಾನೇ ಮಾತನಾಡಿಬಿಡುತ್ತೇನೆ, ನೀನು ಮಲಗು" ಎಂದ.

ಗಿಟಾರನ್ನು ತೆಗೆದು ಶನಿಗ್ರಹವನ್ನು ಹಾಕಿದೆ. ನಾನು ತೆಗೆದ ಅತ್ಯುತ್ತಮ ಚಿತ್ರ ಅದು. ನನ್ನದು ಆರು ಇಂಚಿನ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪು, ಅದರ 1200 ಮಿ.ಮೀ. ನಾಭಿದೂರಕ್ಕೆ 10 ಮಿ.ಮೀ. ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ, ಹಾಕಿದರೆ 120 ಪಟ್ಟು ದೊಡ್ಡದಾಗಿ ಕಾಣುತ್ತದೆ. ಭೂಮಿ ಸುತ್ತುತ್ತಲೇ ಇರುವುದರಿಂದ ಗ್ರಹ ಎರಡು ನಿಮಿಷದೊಳಗೆ ಜಾರಿ ಮರೆಯಾಗುತ್ತದೆ. ಒಂದು ಕೈಯಲ್ಲಿ ಕೊಳವೆಯನ್ನು ತಳ್ಳುತ್ತ, ಇನ್ನೊಂದರಲ್ಲಿ ಮೊಬೈಲನ್ನು ಐಪೀಸಿಗೆ ಹಿಡಿದು, ಉಸಿರು ಕಟ್ಟಿ ಗುಂಡಿ ಒತ್ತಬೇಕು. ನೂರಕ್ಕೆ ಒಂದು ಚಿತ್ರ ದಕ್ಕಿದರೆ ಅದೃಷ್ಟ. ಇಷ್ಟೆಲ್ಲ ಪಾಡುಪಟ್ಟು ತೆಗೆದ ಚಿತ್ರಕ್ಕೆ ಬಂದದ್ದು "ಚೆನ್ನಾಗಿದೆ" ಎಂಬ ಒಂದು ಪದ, ಅದೂ ಮೂರು ಸಲ. ಅಂತರಜಾಲದಿಂದ ಇಳಿಸಿಕೊಂಡದ್ದು ಎಂದುಕೊಂಡಿರಬೇಕು. ಚಿತ್ರದಲ್ಲಿ ನಾನೇ ಇರಲಿಲ್ಲವಲ್ಲ.

ನಾನಿದ್ದ ಫೋಟೊ ಸಿಕ್ಕಿದ್ದು ಆಕಸ್ಮಿಕವಾಗಿ. ಮುಸ್ಸಂಜೆಯ ಬೆಳಕಿರುವಾಗಲೇ ತಾರಸಿಯಲ್ಲಿ ಟೆಲಿಸ್ಕೋಪಿನ ಕನ್ನಡಿಗಳನ್ನು ಒಂದೇ ನೇರಕ್ಕೆ ತರುವ ಕೆಲಸ ಮಾಡುತ್ತಿದ್ದೆ. ಒಂದು ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ, ಕೈಯಲ್ಲಿ ಸ್ಕ್ರೂಡ್ರೈವರ್, ಮೊಣಕಾಲಿಗೆ ಧೂಳು. ಅಕ್ಕ ತೆಗೆದದ್ದು, ನಗುವುದಕ್ಕೆಂದೇ. ಹಿಂದೆ ಎದುರು ಮನೆಯ ಹೆಸರು ಓದುವಷ್ಟು ಸ್ಪಷ್ಟವಾಗಿತ್ತು. ಅಪರಿಚಿತರಿಗೆ ವಿಳಾಸ ಕೊಟ್ಟ ಹಾಗಾಗಬಾರದೆಂದು ಆ ಭಾಗವನ್ನು ಕತ್ತರಿಸಿ ಪ್ರೊಫೈಲಿಗೆ ಹಾಕಿದೆ. ಆ ಫೋಟೊಗೆ ಪ್ರಶ್ನೆಗಳು ಬರತೊಡಗಿದವು. "ಇದೇನು, ಫಿರಂಗಿಯೇ?" "ಬಾಯಿ ಏಕೆ ತೆರೆದಿದ್ದೀರಿ?" ಉತ್ತರಿಸಲು ಯಾರಿಗೂ ಫೋನ್ ಮಾಡಬೇಕಾಗಲಿಲ್ಲ.

ಶನಿಯನ್ನು ಮಾತ್ರ ತೆಗೆಯಲು ಮನಸ್ಸಾಗಲಿಲ್ಲ. ನಾನಿದ್ದ ಡೇಟಿಂಗ್ ಆ್ಯಪ್ ಹಿಂಜ್‌ನಲ್ಲಿ ಇಡೀ ಪ್ರೊಫೈಲಿಗಲ್ಲದೆ ಒಂದು ಫೋಟೊಗೇ ಮಾತು ಸೇರಿಸಿ ಕಳುಹಿಸಬಹುದು. 2025ರ ಸೆಪ್ಟೆಂಬರ್‌ನಲ್ಲಿ ಒಬ್ಬರು ಶನಿಗೆ ಬರೆದರು: "ಉಂಗುರ ಇಷ್ಟು ಅಗಲವಾಗಿ ತೆರೆದಿದೆ ಎಂದರೆ ಇದು 2017ರ ಆಸುಪಾಸಿನದು. ಮೊದಲ ಫೋಟೊದ ಮುಖವೂ ಆಗಿನದೇ ಏನು?"

ಶನಿ ಹೆಗಲೇರಿತು ಎಂದು ಆಕಾಶ ನೋಡುವವರು ಹೇಳಬಾರದು. ಆ ರಾತ್ರಿ ಹೇಳಿದೆ. ಶನಿ ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 29 ವರ್ಷ ಬೇಕು. ಆ ಅವಧಿಯಲ್ಲಿ ಓರೆಯಾದ ಅದರ ಉಂಗುರ ನಮಗೆ ಅಗಲವಾಗಿ ತೆರೆದು, ಮುಚ್ಚಿ, ಮತ್ತೆ ತೆರೆಯುತ್ತದೆ. 2017ರಲ್ಲಿ ವಾಲಿಕೆ 27 ಡಿಗ್ರಿಯಷ್ಟಿತ್ತು. 2025ರ ಮಾರ್ಚ್‌ನಲ್ಲಿ ಅದರ ಅಂಚಷ್ಟೇ ನಮ್ಮ ಕಡೆಗಿತ್ತು. ಇದು ನನಗೆ ಗೊತ್ತಿಲ್ಲದ್ದಲ್ಲ. ನೋಡುವವರಿಗೆ ಗೊತ್ತಿರಬಹುದೆಂದು ಹೊಳೆದಿರಲಿಲ್ಲ. ಮುಖದ ಫೋಟೊವೂ 2017ರದ್ದೇ. ಕೂದಲೇ ಸಾಕ್ಷಿ.

ಮರುರಾತ್ರಿ ಹೊಸ ಶನಿಯನ್ನು ತೆಗೆದೆ: ಒಂದು ಗುಂಡು, ಅದನ್ನು ಸೀಳುವ ತೆಳು ಗೆರೆ. ಜೊತೆಗೆ ಆಗಲೇ ತೆಗೆದ ನನ್ನ ಮುಖವನ್ನೂ ಕಳುಹಿಸಿದೆ.

"ಉಂಗುರ 2032ರ ಸುಮಾರಿಗೆ ಮತ್ತೆ ಪೂರ್ತಿ ತೆರೆದುಕೊಳ್ಳುತ್ತದೆ" ಎಂದು ಉತ್ತರ ಬಂತು. "ಕೂದಲಿನ ವಿಷಯದಲ್ಲಿ ನಿಮಗೇನಾದರೂ ಲೆಕ್ಕಾಚಾರವಿದೆಯೇ?"