ಇರಾಕಿನ ನೀರು ಮತ್ತು ನಮ್ಮ 407

23 ನವೆಂಬರ್ 2024, ಶನಿವಾರ
ಕಲಬುರಗಿ

ನಮ್ಮ ಟಾಟಾ 407 ಲಾರಿಯ ಹಳೆ ಇಂಜಿನ್ ತೆಗೆದು ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಉಸ್ತಾದ್ ಬೇರೆ ಇಂಜಿನ್ ಕೂರಿಸುತ್ತಿದ್ದಾರೆ. ಗಾಡಿ ಇವತ್ತೂ ಮನೆಗೆ ಬರಲಿಲ್ಲ. ತಮ್ಮ ಬೆಳಿಗ್ಗೆಯೇ ಮುಖ ಊದಿಸಿಕೊಂಡಿದ್ದ. "ಇಂಜಿನ್ ಕೂತದ, ಗೇರ್‌ಬಾಕ್ಸ್ ಕೂತದ, ವೈರಿಂಗ್ ಮುಗದದ. ಕೀಲಿ ತಿರುಗಿಸೋದಷ್ಟೇ ಬಾಕಿ. ಉಸ್ತಾದ್ ಸುಮ್ನೆ ದಿನ ದೂಡ್ಲಿಕತ್ತಾರ. ನೀ ಬಂದು ಒಂದು ಮಾತು ಹೇಳಕ್ಕಾ" ಅಂದ. ನಾನು ಹೇಳಿದರೆ ಕೆಲಸ ಬೇಗ ಆಗುತ್ತದೆ ಅಂತ ಅವನ ನಂಬಿಕೆ. ಶನಿವಾರ ಬೆಳಗಿನ ಶಾಲೆ ಅಲ್ವಾ, ಮುಗಿಸಿ ನೇರ ಹುಮನಾಬಾದ್ ರಸ್ತೆಯ ಗ್ಯಾರೇಜಿಗೆ ಹೋದೆ.

ಪಕ್ಕದ ಚಹಾ ಅಂಗಡಿಯ ಟಿವಿಯಲ್ಲಿ ಉಪಚುನಾವಣೆ ಫಲಿತಾಂಶ. ಚನ್ನಪಟ್ಟಣ, ಶಿಗ್ಗಾಂವಿ, ಸಂಡೂರು ಅಂತ ಒಂದೇ ಗದ್ದಲ. ಗ್ಯಾರೇಜಿನಲ್ಲಿ ಒಬ್ಬರೂ ಆ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ನಮ್ಮ ಡೀಸೆಲ್ ಟ್ಯಾಂಕಿನ ಸುತ್ತ ನಿಂತಿದ್ದರು.

ಉಸ್ತಾದ್ ಟ್ಯಾಂಕ್ ಇಳಿಸಿ, ಅದರಲ್ಲಿ ಉಳಿದಿದ್ದ ಡೀಸೆಲನ್ನು ಬಿಳಿ ಬಟ್ಟೆಯ ಮೇಲೆ ಸುರಿದಿದ್ದರು. ಬಟ್ಟೆ ತುಂಬ ಕೆಂಪು ತುಕ್ಕಿನ ಪುಡಿ. ಬಕೆಟ್ಟಿನ ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು. ಅರ್ಧ ಖಾಲಿ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ಗೋಡೆ ಬೆವರಿ ನೀರು ಸೇರುತ್ತದಂತೆ. ನಮ್ಮ ಗಾಡಿಯ ಟ್ಯಾಂಕ್ ಪೂರ್ತಿ ತುಂಬಿದ್ದು ನಾನಂತೂ ಕಂಡಿಲ್ಲ.

"ನೋಡ್ರಿ ಅಕ್ಕೋರೆ, ಹಳೆ ಇಂಜಿನ್ ಇದನ್ನೆಲ್ಲ ನುಂಗಿ ನಡೀತಿತ್ತು. ಅದರ ನಾಜಲ್, ಅಂದ್ರ ಡೀಸೆಲ್ ಸಿಂಪಡಿಸೋ ಮೂತಿ, 200, 250 ಬಾರ್ ಒತ್ತಡಕ್ಕ ಬಾಯಿ ಬಿಡ್ತಿತ್ತು. ಇದು ಕಾಮನ್ ರೈಲ್, ಎಲ್ಲ ನಾಜಲ್ಲಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದಾಗ ಡೀಸೆಲ್ ಹೋಗ್ತದ. 1,600 ಬಾರ್. ನಾಜಲ್ ತೂತು ಕಣ್ಣಿಗಿ ಕಾಣಂಗಿಲ್ಲ. ಈ ಮಣ್ಣು ಅಲ್ಲಿಗಿ ಹೋದ್ರ ಮುಗೀತು, ಪಂಪೂ ಹೋಯ್ತು, ನಾಜಲ್ಲೂ ಹೋಯ್ತು."

ತಮ್ಮ ಬಿಡಲಿಲ್ಲ. "ಫಿಲ್ಟರ್ ಅದಲ್ರಿ ಉಸ್ತಾದ್?"

"ಹೊಸ ಅಳಿಯ ಮನಿಗಿ ಬಂದಾನ. ಹಳಸಿದ ಸಾರು ಸೋಸಿ ಬಡಿಸ್ತೀ ಏನಪ್ಪ?"

ಹುಡುಗರೆಲ್ಲ ನಕ್ಕರು. ನನಗೂ ನಗು ಬಂತು. ತಮ್ಮ ಇನ್ನಷ್ಟು ಊದಿಕೊಂಡ.

ಆಮೇಲೆ ಉಸ್ತಾದ್ ನನ್ನನ್ನು ಒಂದು ಹಳೆ ಟೈರಿನ ಮೇಲೆ ಕೂರಿಸಿ ಪಾಠ ಮಾಡಿದರು. ಹಳೆ ಗಾಡಿಯಲ್ಲಿ ಟ್ಯಾಂಕಿಗೆ ವಾಪಸ್ ಬರುತ್ತಿದ್ದದ್ದು ಪಂಪು, ನಾಜಲ್ಲಿನಿಂದ ಮಿಕ್ಕ ಸ್ವಲ್ಪ ಡೀಸೆಲ್. ಅದಕ್ಕೆ ಸಣ್ಣ ಪೈಪ್ ಸಾಕಿತ್ತು. ಹೊಸ ಇಂಜಿನ್ ಬೇಕಾದ್ದಕ್ಕಿಂತ ಬಹಳ ಜಾಸ್ತಿ ಎಳೆದುಕೊಂಡು, ಉಳಿದದ್ದನ್ನು ಬಿಸಿ ಮಾಡಿ ವಾಪಸ್ ಕಳಿಸುತ್ತದೆ. ಅದಕ್ಕೆ ದಪ್ಪ ರಿಟರ್ನ್ ಪೈಪ್ ಬೇಕು. ಅದು ಟ್ಯಾಂಕಿನೊಳಗೆ ಎಳೆಯುವ ಪೈಪಿನ ಪಕ್ಕದಲ್ಲೇ ಇಳಿದರೆ ಬಿಸಿ ಡೀಸೆಲ್, ನೊರೆ ಎರಡೂ ಮತ್ತೆ ಇಂಜಿನ್ನಿಗೇ ಹೋಗುತ್ತವೆ. ನಮ್ಮ ಊರಿನ ಮೇ ತಿಂಗಳಲ್ಲಿ ಅದೊಂದೇ ಕಡಿಮೆ ಇತ್ತು! ಎರಡನ್ನೂ ದೂರ ಇಟ್ಟು, ನಡುವೆ ತಗಡಿನ ಅಡ್ಡಗೋಡೆ ಹಾಕಿಸುತ್ತಾರಂತೆ. ಪೈಪಿಗೆ ಸತುವಿನ ಲೇಪ ಇರಬಾರದು, ತಾಮ್ರವೂ ಬೇಡ. ಅವು ಡೀಸೆಲ್ಲಿಗೆ ಕರಗಿ ನಾಜಲ್ಲಿನಲ್ಲಿ ಹೋಗಿ ಕೂರುತ್ತವೆ. ನೀರು ಬೇರೆ ಮಾಡುವ ಫಿಲ್ಟರ್ ಒಂದು ಚಾಸಿಗೆ, ಸೈಲೆನ್ಸರ್ ಪೈಪಿನಿಂದ ದೂರ.

ನನಗೆ ಹಿಡಿಸಿದ್ದು ಗಾಳಿಯ ವಿಷಯ. ಈ ಇಂಜಿನ್ನಿನ ಪಂಪ್ ತಾನೇ ಟ್ಯಾಂಕಿನಿಂದ ಡೀಸೆಲ್ ಎಳೆಯುತ್ತದೆ. ಆ ಕಡೆಯ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವುದೇ ಇಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ, ಗಾಡಿ ಮಾತ್ರ ಬೆಳಿಗ್ಗೆ ಶುರುವಾಗುವುದಿಲ್ಲ. ಹಾಗಾಗಿ ನಡುವೆ ಒಂದು ಪಾರದರ್ಶಕ ಪೈಪ್ ಕಟ್ಟಿ ಗುಳ್ಳೆ ನೋಡುತ್ತಾರೆ.

ಇಷ್ಟರಲ್ಲಿ ತಮ್ಮ, "ಗಾಳಿ ಹಿಡಿದ್ರ ನಾಜಲ್ ನಟ್ ಸಡಿಲ ಮಾಡಿ ಸೆಲ್ಫ್ ಹೊಡದ್ರಾಯ್ತು, ನಾ ದಾರ್ಯಾಗ ಎಷ್ಟು ಸಲ ಮಾಡೀನಿ" ಅಂದ.

ಉಸ್ತಾದ್ ಎದ್ದು ನಿಂತರು. ಅವರು ಕೂಗಾಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. "ಆ ಚಟ ಇಲ್ಲಿ ಬ್ಯಾಡ! ಈ ಇಂಜಿನ್ ಚಾಲೂ ಇದ್ದಾಗ ಆ ಪೈಪಿಗಿ ಪಾನಾ ಹಚ್ಚಿದ್ರ ಡೀಸೆಲ್ ಚರ್ಮ ಹರದು ಒಳಗ ಹೋಗ್ತದ. ಮೇಲ ಸೂಜಿ ಚುಚ್ಚಿದಷ್ಟೇ ಕಾಣ್ತದ, ಒಳಗ ಬೆರಳು ಕೊಳೀತದ. ಕೈ ಕಡೀಬೇಕಾಗ್ತದ, ತಿಳೀತಾ?" ಗಾಳಿ ತೆಗೆಯುವುದೇನಿದ್ದರೂ ಇಂಜಿನ್ ನಿಲ್ಲಿಸಿ, ಫಿಲ್ಟರ್ ಮೇಲಿನ ಕೈಪಂಪು ಒತ್ತಿ ಮಾತ್ರ.

ತಮ್ಮ ಸುಮ್ಮನಾದ. ನಾನು ಅವನ ಕೈ ನೋಡಿದೆ. ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪು. ಗಾಡಿ ಬೇಗ ಕೊಡಿ ಅಂತ ಹೇಳಲು ಹೋದವಳು ಆ ಮಾತೇ ಎತ್ತಲಿಲ್ಲ. ಎಷ್ಟು ದಿನ ಬೇಕೋ ತಗೊಳ್ರಿ ಅಂದೆ. ವಾಪಸ್ ಬರುವಾಗ ಬೈಕಿನ ಮೇಲೆ ಅವನು ನನ್ನ ಜೊತೆ ಮಾತಾಡಲಿಲ್ಲ.

ಅವನ ಅವಸರ ಸುಳ್ಳಲ್ಲ. ಇನ್ನು ಸ್ವಲ್ಪ ದಿನಕ್ಕೆ ತೊಗರಿ ರಾಶಿ ಶುರು. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತು ಬಂತು, ಸಂತೋಷ. ಆದರೆ ತೊಗರಿ ನೆಹರೂ ಗಂಜ್ ಮಾರುಕಟ್ಟೆ ತನಕ ತಾನೇ ನಡೆದು ಹೋಗುವುದಿಲ್ಲ. ಈ ಎರಡು ತಿಂಗಳ ಬಾಡಿಗೆಯಲ್ಲೇ ಅವನ ವರ್ಷದ ಕಂತು ನಿಂತಿದೆ. ಆಮೇಲೆ ಶಹಾಬಾದ್ ಕಲ್ಲಿನ ಲೋಡು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಅವ್ವ ರೊಟ್ಟಿ ಬಡಿಯುತ್ತಾ, "ಅಷ್ಟೊಂದು ರೊಕ್ಕ ಕೊಟ್ಟು ಇಂಜಿನ್ ತಂದು ಈಗ ಪೈಪಿಗೂ ರೊಕ್ಕ ಅಂದ್ರ ಹೆಂಗ" ಅಂದಳು. ಉತ್ತರ ಹೇಳಲು ನನಗೆ ಗೊತ್ತಿತ್ತು, ಹೇಳುವ ಉತ್ಸಾಹ ಇರಲಿಲ್ಲ. ಪುಂಡಿ ಪಲ್ಯ ಚೆನ್ನಾಗಿತ್ತು. ಎರಡು ರೊಟ್ಟಿ ಜಾಸ್ತಿಯೇ ತಿಂದೆ.

ಅಪ್ಪನ ಚಿಂತೆ ಬೇರೆ. ಹಳೆ ಟ್ಯಾಂಕ್ ಬಿಸಾಡುತ್ತಾರಾ ಅಂತ ಮೂರು ಸಲ ಕೇಳಿದರು. ಅದರ ಮೇಲೆ ಅವರೇ ಪೇಂಟರ್ ಪಕ್ಕ ನಿಂತು ಬರೆಸಿದ ಸಾಲು ಇದೆ, ಎಲ್ಲ ಲಾರಿಗಳ ಮೇಲೂ ಇರುವಂಥದ್ದೇ. "ಕಮ್ ಪೀ ಮೇರಿ ರಾನಿ, ಮೆಹೆಂಗಾ ಹೈ ಇರಾಕ್ ಕಾ ಪಾನಿ." ಕಮ್ಮಿ ಕುಡಿ ನನ್ನ ರಾಣಿ, ಇರಾಕಿನ ನೀರು ಅಂದರೆ ಡೀಸೆಲ್ ದುಬಾರಿ ಅಂತ. ಇಲ್ಲಪ್ಪಾ, ಒಳಗೆ ಜಲ್ಲಿ, ಚೈನು ಹಾಕಿ ಉರುಳಿಸಿ ತುಕ್ಕು ಕಳಚುತ್ತಾರೆ, ಗೋಡೆ ಗಟ್ಟಿ ಇದ್ದರೆ ಅದೇ ಟ್ಯಾಂಕ್ ಉಳಿಯುತ್ತದೆ ಅಂದೆ. ಗೋಡೆ ತೆಳ್ಳಗಾಗಿದ್ದರೆ? ಅದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ರಾಣಿ ಕಮ್ಮಿ ಕುಡಿದದ್ದು ನನಗಂತೂ ನೆನಪಿಲ್ಲ.

ಸೋಮವಾರ ಆರ್‌ಟಿಒ ಆಫೀಸಿನ ಕೆಲಸ ಬೇರೆ ಇದೆ. ಇಂಜಿನ್ ನಂಬರ್ ಬದಲಾಗಿದ್ದು ಆರ್‌ಸಿಯಲ್ಲಿ ಬರದಿದ್ದರೆ ನಾಳೆ ಏನಾದರೂ ಆದಾಗ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ಅದಕ್ಕೆ ಈಗ ಕೂರಿಸಿದ ಇಂಜಿನ್ ಕೊಂಡ ಬಿಲ್ ಬೇಕು. ತಮ್ಮನಿಗೆ ಕೇಳಿದರೆ "ಅದ, ಅಕ್ಕಾ" ಅಂತಾನೆ. ಎಲ್ಲಿದೆ ಅಂದರೆ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಅಂತೆ. ವೈರಿಂಗ್ ಮಾಡುವಾಗ ಆ ಡ್ಯಾಶ್‌ಬೋರ್ಡ್ ಬಿಚ್ಚಿ ಎಲ್ಲಿ ಇಟ್ಟರೋ.