ಕಾಲುಬಾಯಿ ಜ್ವರ: ಗುಳ್ಳೆಯ ಚರ್ಮದಿಂದ ವೈರಸ್ಸಿನ ಕವಲಿನವರೆಗೆ

ಚನ್ನರಾಯಪಟ್ಟಣ, ಅರಸೀಕೆರೆ ಕಡೆ ಕಾಲುಬಾಯಿ ಜ್ವರ ಕಾಣಿಸಿಕೊಂಡರೆ ಪಶುವೈದ್ಯರಿಗೆ ಎದುರಾಗುವ ಮೊದಲ ಮಾತು, "ಲಸಿಕೆ ಹಾಕ್ಸಿದ್ವಲ್ಲ ಡಾಕ್ಟ್ರೇ, ಮತ್ಯಾಕೆ ಬಂತು?" ಇದಕ್ಕೆ ಅಂದಾಜಿನ ಉತ್ತರ ಕೊಡಬಾರದು. ಪ್ರಯೋಗಾಲಯಕ್ಕೆ ಸ್ಯಾಂಪಲ್ ಕಳಿಸಿ ವೈರಸ್ ಯಾವುದೆಂದು ಓದಿಸಬೇಕು. ಅದು ಸಾಧ್ಯವೋ ಇಲ್ಲವೋ ಎಂಬುದು ಬಹುಪಾಲು ಕೊಟ್ಟಿಗೆಯಲ್ಲೇ ತೀರ್ಮಾನವಾಗುತ್ತದೆ.

ಬೇಕಾದದ್ದು ಗುಳ್ಳೆಯ ಚರ್ಮ, ಕನಿಷ್ಠ 1 ಗ್ರಾಂ. ನಾಲಿಗೆ, ವಸಡು, ಇಲ್ಲವೇ ಗೊರಸಿನ ಸಂದಿನಲ್ಲಿ ಇನ್ನೂ ಒಡೆಯದ ಅಥವಾ ಆಗಷ್ಟೇ ಒಡೆದ ಗುಳ್ಳೆ ಹುಡುಕಿ. ನಾಲಿಗೆಯ ಮೇಲೆ ಬಿಳಿಚಿಕೊಂಡು ಸಡಿಲಾದ ಪೊರೆ ಚಿಮುಟಕ್ಕೆ ಸುಲಭವಾಗಿ ಕಿತ್ತು ಬರುತ್ತದೆ, ಕೆಳಗೆ ಕೆಂಪು ಹಸಿಗಾಯ ಕಾಣುತ್ತದೆ. ಆ ಪೊರೆಯೇ ನಮಗೆ ಬೇಕು. ಮಾಯುತ್ತಿರುವ ಹುಣ್ಣಿನ ಹೊಪ್ಪಳೆಯಲ್ಲಿ ವೈರಸ್ ಅಷ್ಟಾಗಿ ಉಳಿದಿರುವುದಿಲ್ಲ.

ಹೆಚ್ಚಿನ ಸ್ಯಾಂಪಲ್‌ಗಳು ಕೆಡುವುದು ಇಲ್ಲೇ. ಈ ವೈರಸ್ಸಿಗೆ ಆಮ್ಲವೂ ಆಗದು, ತೀರಾ ಕ್ಷಾರವೂ ಆಗದು. ಮನೆಯವರು ಅಷ್ಟರಲ್ಲಿ ಹುಣಸೆರಸ, ಸೋಡಾ ನೀರು, ಪೊಟ್ಯಾಸಿಯಂ ಪರ್ಮಾಂಗನೇಟ್ ಎಂದು ಬಾಯಿ ತೊಳೆದಿರುತ್ತಾರೆ. ಮೊದಲು ಬರೀ ನೀರಲ್ಲಿ ತೊಳೆದು ಪೊರೆ ತೆಗೆಯಿರಿ, ಔಷಧಿ ಆಮೇಲೆ. ಪೊರೆಯನ್ನು ಹಾಕಿಡುವ ದ್ರಾವಣ ಗ್ಲಿಸರಾಲ್ ಮತ್ತು ಫಾಸ್ಫೇಟ್ ಬಫರ್ ಸಮಸಮ ಬೆರೆಸಿದ್ದು, ಪಿಎಚ್ 7.2ರಿಂದ 7.6ರೊಳಗೆ. ಫಾರ್ಮಲಿನ್ ಖಂಡಿತ ಬೇಡ. ಮುಚ್ಚಳ ಭದ್ರಪಡಿಸಿ, ಹೊರಮೈ ಒರೆಸಿ, ಐಸ್ ಪ್ಯಾಕ್ ನಡುವೆ ಕಳಿಸಿ.

ಪ್ರಯೋಗಾಲಯದಲ್ಲಿ ಮೊದಲು ಎಲೈಸಾ ಅಥವಾ ಪಿಸಿಆರ್ ಪರೀಕ್ಷೆಯ ಮೂಲಕ ಸಿರೋಟೈಪ್, ಅಂದರೆ ವೈರಸ್ಸಿನ ಮುಖ್ಯ ಬಗೆ, ನೋಡುತ್ತಾರೆ. ಜಗತ್ತಿನಲ್ಲಿ ಗುರುತಿಸಿರುವ ಸಿರೋಟೈಪ್ 7. ನಮ್ಮಲ್ಲಿ ಈಗ ಲೆಕ್ಕಕ್ಕೆ ಬರುವವು ಓ, ಎ, ಏಷ್ಯಾ-1. ಅದರಲ್ಲೂ ಓ ಹಾವಳಿಯೇ ಹೆಚ್ಚು. ಆಮೇಲೆ ಆರ್‌ಎನ್‌ಎಯಲ್ಲಿ, ಅಂದರೆ ವೈರಸ್ಸಿನ ಆನುವಂಶಿಕ ಬರಹದಲ್ಲಿ, ವಿಪಿ1 ಎಂಬ ಹೊರಕವಚದ ಪ್ರೋಟೀನಿನ ಭಾಗದ ಅಕ್ಷರಗಳ ಸರಣಿ ಓದುತ್ತಾರೆ. ವೈರಸ್ಸಿನ ಆರ್‌ಎನ್‌ಎ ಸುಮಾರು 8,400 ಅಕ್ಷರ ಉದ್ದ, ಅದರಲ್ಲಿ ವಿಪಿ1 ಸುಮಾರು 630–640 ಅಕ್ಷರ ಅಷ್ಟೇ. ಈ ಪ್ರೋಟೀನಿನ ಮೇಲೆಯೇ ರೋಗನಿರೋಧಕ ಕಣಗಳು ಕೂರುವುದರಿಂದ ಬದಲಾವಣೆ ಇಲ್ಲಿ ಎದ್ದು ಕಾಣುತ್ತದೆ. ಓ ಸಿರೋಟೈಪಿನಲ್ಲಿ ಈ ಸರಣಿಯ ವ್ಯತ್ಯಾಸ 15% ದಾಟಿದರೆ ಬೇರೆ ಟೋಪೋಟೈಪ್ (ಪ್ರದೇಶವಾರು ಗುಂಪು) ಎಂದು ಲೆಕ್ಕ. ನಮ್ಮ ಓ ವೈರಸ್‌ಗಳು ಮಿಡಲ್ ಈಸ್ಟ್–ಸೌತ್ ಏಷ್ಯಾ ಟೋಪೋಟೈಪಿನವು. ಪ್ಯಾನ್‌ಏಷ್ಯಾ, ಇಂಡ್‌2001 ಅದರೊಳಗಿನ ಕವಲುಗಳು. ಇಂಡ್‌2001ಕ್ಕೆ ಡಿ, ಇ ಎಂಬ ಉಪಕವಲುಗಳೂ ಇವೆ.

ಒಂದೇ ಜಾನುವಾರು ಜಾತ್ರೆಯಿಂದ ಬಂದ ಎತ್ತುಗಳಿದ್ದ ಎರಡು ಊರುಗಳ ಸರಣಿಯಲ್ಲಿ ಒಂದೆರಡು ಅಕ್ಷರವಷ್ಟೇ ಬೇರೆಯಿದ್ದರೆ ಸೋಂಕಿನ ಮೂಲ ಒಂದೇ ಎಂಬ ಅನುಮಾನಕ್ಕೆ ಬಲ ಬರುತ್ತದೆ. ದೂರದ ಕವಲು ಬಂದರೆ ಹೊರಗಿನಿಂದ ಹೊಸದಾಗಿ ಬಂದಿದೆ ಎಂದು ದನ ಸಾಗಣೆಯ ಜಾಡು ಹಿಡಿಯಬೇಕು.

ಕವಲು ಬೇರೆಯಾದ ಮಾತ್ರಕ್ಕೆ ಲಸಿಕೆ ಕೆಲಸಕ್ಕೆ ಬಾರದು ಎನ್ನುವುದು ದುಡುಕು. ಭಾರತದ ಲಸಿಕೆಯ ಓ ತಳಿ ಆರ್2, 1975ರದ್ದು. ಆ ಲಸಿಕೆ ಹಾಕಿದ ದನದ ಸೀರಂ (ರಕ್ತದ ತಿಳಿ) ಹೊಸ ವೈರಸ್ಸನ್ನು ಎಷ್ಟು ತಡೆಯುತ್ತದೆ ಎಂದು ನ್ಯೂಟ್ರಲೈಸೇಶನ್ ಪರೀಕ್ಷೆಯಲ್ಲಿ ಅಳೆದು, ಲಸಿಕೆಯ ತಳಿಯನ್ನು ತಡೆಯುವ ಪ್ರಮಾಣಕ್ಕೆ ಹೋಲಿಸಿ ಆರ್1 ಎಂಬ ಅನುಪಾತ ತೆಗೆಯುತ್ತಾರೆ. 0.3 ಅಥವಾ ಮೇಲಿದ್ದರೆ ಹೊಂದಿಕೆ ಸಾಕು. ಹೊಂದಿಕೆ ಇದ್ದೂ ರೋಗ ಬಂದರೆ ಲಸಿಕೆಯನ್ನು 2–8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿದ್ದರೇ, ಕರುವಿಗೆ 4 ತಿಂಗಳಿಗೆ ಮೊದಲ ಡೋಸ್, ತಿಂಗಳ ಬಳಿಕ ಬೂಸ್ಟರ್, ಆಮೇಲೆ 6 ತಿಂಗಳಿಗೊಮ್ಮೆ ಆಗಿದೆಯೇ ಎಂದು ನೋಡಬೇಕು. ಹಾಗಾಗಿ ಬಾಟಲಿಯ ಚೀಟಿಯಲ್ಲಿ ಊರು, ದಿನಾಂಕ, ವಯಸ್ಸು, ಕಿವಿಯೋಲೆ ಸಂಖ್ಯೆಯ ಜೊತೆ ಕೊನೆಯ ಲಸಿಕೆಯ ದಿನ ಮತ್ತು ಬ್ಯಾಚ್ ಸಂಖ್ಯೆಯನ್ನೂ ಬರೆಯಿರಿ. ಶಾಯಿ ಪೆನ್ ಬೇಡ, ಪೆನ್ಸಿಲ್ಲಿನಲ್ಲಿ. ಐಸ್ ಕರಗಿದಾಗ ಶಾಯಿ ಅಳಿಸಿಹೋಗುತ್ತದೆ.