ಅಂಬಾರಿ ಇಳಿಸಿದ ಮೇಲೆ

2024 ಡಿಸೆಂಬರ್ 4, ಬುಧವಾರ
ಸಕಲೇಶಪುರ

ಮೈಸೂರು ದಸರೆಯ ಆನೆ ಅರ್ಜುನ ಸತ್ತು ಇವತ್ತಿಗೆ ಒಂದು ವರ್ಷ. ಬೆಳಗ್ಗೆಯಿಂದ ಯಾರ ಸ್ಟೇಟಸ್ ತೆರೆದರೂ ಚಿನ್ನದ ಅಂಬಾರಿ ಹೊತ್ತ ಅದೇ ಫೋಟೊ. ಅವನು ಪ್ರಾಣ ಬಿಟ್ಟದ್ದು ಮಾತ್ರ ನಮ್ಮದೇ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕೆಲಸದಲ್ಲಿ.

ಅಂಬಾರಿಯ ತೂಕ 750 ಕೆ.ಜಿ. ದಸರೆ ಮೆರವಣಿಗೆಯಲ್ಲಿ ಅದನ್ನು ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ನಡೆಯಬೇಕು. ಆನೆಯ ಬೆನ್ನು ನೋಡಲು ಅಗಲ, ಭಾರ ಹೊರಲು ಹೇಳಿ ಮಾಡಿಸಿದಂತಿಲ್ಲ. ಬೆನ್ನುಮೂಳೆಯಿಂದ ಎಲುಬಿನ ಮುಳ್ಳುಗಳು ಮೇಲಕ್ಕೆ ಎದ್ದಿರುತ್ತವೆ, ಅವುಗಳ ಮೇಲೆ ಬರೀ ಚರ್ಮ. ಭಾರ ನಟ್ಟನಡುವೆ ಕೂತರೆ ಮೊದಲು ಚರ್ಮ ಒಡೆಯುತ್ತದೆ, ಆಮೇಲೆ ಕೀವು. ಅದಕ್ಕೇ ಮೊದಲು ನಮ್ದಾ ಎಂಬ ದಪ್ಪ ಹಾಸು, ಅದರ ಮೇಲೆ ಗಾದಿ. ಭಾರ ಮೂಳೆಯ ಎರಡೂ ಮಗ್ಗುಲಿಗೆ, ಪಕ್ಕೆಲುಬಿನ ಕಡೆಗೆ ಹಂಚಿಹೋಗಬೇಕು. ಹೊಟ್ಟೆ ಸುತ್ತಿದ ಹಗ್ಗ ಸಡಿಲವಾದರೆ ಅಂಬಾರಿ ವಾಲುತ್ತದೆ, ಬಿಗಿಯಾದರೆ ಕಂಕುಳಲ್ಲಿ ಉಜ್ಜಿ ಗಾಯ. ವಾರಗಟ್ಟಲೆ ತಾಲೀಮು ನಡೆಯುವುದು ಇದಕ್ಕೇ: ಮೊದಲು ಬರಿಮೈ ನಡಿಗೆ, ಆಮೇಲೆ ಮರಳು ಮೂಟೆ, ಮೂಟೆಯ ತೂಕ ಹಂತಹಂತವಾಗಿ ಏರಿಸಿ ಕೊನೆಗೆ ಮರದ ಅಂಬಾರಿ. ನಡುವೆ ಕುಶಾಲತೋಪಿನ, ಅಂದರೆ ಫಿರಂಗಿಯ, ಸದ್ದಿಗೆ ಕಿವಿ ಪಳಗಿಸುವುದು ಬೇರೆ.

2012ರಿಂದ 2019ರವರೆಗೆ ಎಂಟು ವರ್ಷ ಅರ್ಜುನ ಇದನ್ನು ಮಾಡಿದ. 60 ದಾಟಿದ ಆನೆಗೆ ಭಾರ ಹೊರಿಸಬಾರದು ಎಂಬ ನಿಯಮ ಬಂದು ಅಂಬಾರಿ 2020ರಲ್ಲಿ ಅಭಿಮನ್ಯುವಿನ ಬೆನ್ನಿಗೆ ಹೋಯಿತು. ಸರಿಯಾದ ನಿಯಮವೇ. ಆದರೆ 750 ಕೆ.ಜಿ. ಹೊರಲು ವಯಸ್ಸಾಯಿತು ಎನಿಸಿಕೊಂಡ ಆನೆಗೆ, ಮದವೇರಿದ ಸಲಗದ ಎದುರು ನಿಲ್ಲಲು ವಯಸ್ಸಾಗಿರಲಿಲ್ಲವೇ? ಮೆರವಣಿಗೆಯನ್ನು ಲಕ್ಷಾಂತರ ಜನ ನೋಡುತ್ತಾರೆ, ಅಲ್ಲಿ ಆನೆ ಕುಂಟಿದರೂ ಸುದ್ದಿ. ತೋಟದ ಇಳಿಜಾರಿನಲ್ಲಿ ಕಾಡಾನೆ ಹಿಡಿಯುವುದನ್ನು ನೋಡುವವರು ಹತ್ತಿಪ್ಪತ್ತು ಜನ.

ಆ ಕೆಲಸ ಹೇಗಿರುತ್ತದೆ ಎಂದರೆ: ಪಳಗಿದ ಆನೆಗಳು ಕಾಡಾನೆಯನ್ನು ಸುತ್ತುವರಿದು ಗುಂಪಿನಿಂದ ಬೇರ್ಪಡಿಸಬೇಕು. ವೈದ್ಯರು ಅರಿವಳಿಕೆ ಚುಚ್ಚುಮದ್ದು ಹಾರಿಸುತ್ತಾರೆ, ಸಾಮಾನ್ಯವಾಗಿ ಜೈಲಜಿನ್. ಮದ್ದು ತಾಗಿದ ಕೂಡಲೇ ಆನೆ ನಿಲ್ಲುವುದಿಲ್ಲ. ಹತ್ತಿಪ್ಪತ್ತು ನಿಮಿಷ ಬೇಕು, ಕೆರಳಿದ ಆನೆಗೆ ಇನ್ನೂ ತಡ. ಅಪಾಯವೆಲ್ಲ ಆ ಹೊತ್ತಿನಲ್ಲೇ. ಅದು ನೀರಿಗಿಳಿದು ಕುಸಿದರೆ ಮುಳುಗುತ್ತದೆ. ಎದೆಯೂರಿ ಕುಸಿದರೆ ಉಸಿರು ಕಟ್ಟುತ್ತದೆ, ತಡಮಾಡದೆ ಮಗ್ಗುಲಿಗೆ ಉರುಳಿಸಬೇಕು. ಮದದಲ್ಲಿರುವ ಸಲಗವಾದರೆ ಓಡುವ ಬದಲು ಹಿಡಿಯಲು ಬಂದ ಆನೆಯ ಮೇಲೇ ತಿರುಗುತ್ತದೆ. ಕಣ್ಣು ಕಿವಿಯ ನಡುವೆ ಊದಿಕೊಂಡು ಸೋರುವ ಗ್ರಂಥಿ, ತೊಟ್ಟಿಕ್ಕುವ ಮೂತ್ರ, ಅದರ ಘಾಟು: ಇವು ಕಂಡರೆ ಆ ದಿನದ ಕೆಲಸ ಮುಂದೂಡುವುದು ಮೇಲು. ಮದ ಕೆಲವು ವಾರಗಳಿಂದ ಎರಡು ಮೂರು ತಿಂಗಳವರೆಗೂ ಇರಬಹುದು.

ಅರ್ಜುನ ಸಿಕ್ಕಿದ್ದು 1968ರಲ್ಲಿ, ಕಾಡಾನೆ ಹಿಂಡನ್ನು ಅಟ್ಟಿ ಹಿಡಿಯುವ ಕಾಕನಕೋಟೆ ಖೆಡ್ಡಾದಲ್ಲಿ. ಆ ಖೆಡ್ಡಾ ಕೂಡ ಅರ್ಧ ಕೆಲಸ, ಅರ್ಧ ತಮಾಷೆ. ದೊರೆಗಳೂ ವೈಸರಾಯ್‌ಗಳೂ ಅಟ್ಟಣಿಗೆಯಲ್ಲಿ ಕೂತು, ಹಿಂಡು ಹೊಳೆ ದಾಟಿ ಬೇಲಿಯೊಳಗೆ ಸಿಕ್ಕಿಬೀಳುವುದನ್ನು ನೋಡುತ್ತಿದ್ದರು. 1937ರ ‘ಎಲಿಫೆಂಟ್ ಬಾಯ್’ ಸಿನಿಮಾ ಆ ನೋಟವನ್ನು ಪರದೆಗೆ ಒಯ್ದಿತು, ಅದರ ಹುಡುಗ ಸಾಬು ಕಾರಾಪುರದ ಮಾವುತನ ಮಗ. ಖೆಡ್ಡಾ 1971ಕ್ಕೆ ನಿಂತಿತು. 2001ರ ಪ್ರದರ್ಶನ ಪ್ರಾಣಿಗಳ ನಿಯಮದ ಪ್ರಕಾರ ಈಗ ಸಿನಿಮಾದಲ್ಲಿ ಹಾವನ್ನು ಟಾರು ಹಾಕಿದ ನೆಲದ ಮೇಲೆ ಹರಿದಾಡಿಸುವಂತಿಲ್ಲ, ಪ್ರಾಣಿಗೆ ಮತ್ತಿನ ಮದ್ದು ಕೊಟ್ಟು ನಟಿಸುವಂತೆ ಮಾಡುವಂತಿಲ್ಲ. ಅಷ್ಟು ದೂರ ಬಂದಿದ್ದೇವೆ.

ಈಗಿನ ಅಟ್ಟಣಿಗೆ ಮೊಬೈಲು. ಹಾಸನ ಜಿಲ್ಲೆಯ ಕಾಡಾನೆಗಳಿಗೆ ಹೆಸರಿದೆ, ಅಭಿಮಾನಿಗಳಿದ್ದಾರೆ. ಭೀಮ ಎಂಬ ಸಲಗ ಊರೊಳಗೆ ಗಂಭೀರವಾಗಿ ನಡೆದುಹೋದ ವಿಡಿಯೊ ನೋಡಿದವರಿಗೆ ಅವನು ಸಾಧು ಅನಿಸುತ್ತದೆ. ವಿಡಿಯೊದಲ್ಲಿ ಮದದ ಘಾಟು ಬರುವುದಿಲ್ಲ ನೋಡಿ. ಎಚ್ಚರಿಕೆಗೆಂದು ಆನೆ ಎಲ್ಲಿದೆ ಎಂದು ವಾಟ್ಸಾಪ್ ಗ್ರೂಪಿಗೆ ಹಾಕಿದ ಅರ್ಧ ಗಂಟೆಯಲ್ಲಿ ಅಲ್ಲಿಗೇ ಬೈಕುಗಳು ಬರುತ್ತವೆ. ಹಾದಿ ಕಟ್ಟಿಹೋದ ಆನೆ ತೋಟದೊಳಗೆ ನುಗ್ಗಿದರೆ, ಮರುದಿನ ಎದುರಾಗುವವರು ವಿಡಿಯೊ ಮಾಡಿದವರಲ್ಲ, ಕಾಫಿ ಹಣ್ಣು ಕೊಯ್ಯಲು ಬಂದ ಹೆಂಗಸರು.

ಅರೇಬಿಕಾ ಕೊಯ್ಲು ನಡೆಯುತ್ತಿದೆ. ಆಳುಗಳನ್ನು ತೋಟಕ್ಕೆ ಬಿಡುವ ಮೊದಲು ಗ್ರೂಪ್ ನೋಡಿ, ಗೇಟಿನ ಹತ್ತಿರ ಹಸಿ ಲದ್ದಿ, ಮುರಿದ ಬೈನೆ ಮರ ಇದೆಯೇ ನೋಡಿ. ಲದ್ದಿ ಇನ್ನೂ ಬಿಸಿ ಇದ್ದರೆ ಆ ಬ್ಲಾಕಿನ ಕೊಯ್ಲು ಇವತ್ತಿಗೆ ಬೇಡ. ಆನೆ ಕಿವಿ ಅಗಲಿಸಿ ನಿಂತು, ಸೊಂಡಿಲಲ್ಲಿ ಮಣ್ಣೆರಚಿ, ಮುಂಗಾಲು ತೂಗುತ್ತಿದ್ದರೆ ಅಲ್ಲಿಂದ ಹಿಂದೆ ಸರಿಯಿರಿ. ಫೋನು ಜೇಬಿನಲ್ಲೇ ಇರಲಿ.